ಈ ಋತುವಿನ ಹೊಸಬರಲ್ಲಿ ಮಿಂಚುವವನು ಯಾರು? ಎನ್‌ಎಚ್‌ಎಲ್ ಊಹೆಗೆ ನೆರವಾಗುವ ಜಾಲತಾಣಗಳ ವಿಮರ್ಶೆ

2024ರ ಅಕ್ಟೋಬರ್‌ನಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಶುರುವಾದಾಗ, ವರ್ಷದ ಶ್ರೇಷ್ಠ ಹೊಸಬ ಯಾರಾಗಬಹುದು ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುತ್ತಿದ್ದದ್ದು ಎರಡೇ ಹೆಸರು: ಸ್ಯಾನ್ ಹೋಸೆ ಶಾರ್ಕ್ಸ್‌ನ ಮ್ಯಾಕ್ಲಿನ್ ಸೆಲೆಬ್ರಿನಿ ಮತ್ತು ಫಿಲಡೆಲ್ಫಿಯಾ ಫ್ಲೈಯರ್ಸ್‌ನ ಮಟ್ವೇ ಮಿಚ್ಕೊವ್. ಇಬ್ಬರೂ ಚೆನ್ನಾಗಿಯೇ ಆಡಿದರು, ಇಬ್ಬರೂ ತಲಾ 63 ಪಾಯಿಂಟ್ (ಗೋಲು ಮತ್ತು ಗೋಲು ಹೊಡೆಯಲು ನೆರವಾದ ಪಾಸ್, ಅಂದರೆ ಅಸಿಸ್ಟ್, ಇವೆರಡರ ಮೊತ್ತ) ಗಳಿಸಿದರು. ಆದರೆ ವರ್ಷದ ಶ್ರೇಷ್ಠ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಹೋದದ್ದು ಮಾಂಟ್ರಿಯಲ್ ಕೆನೇಡಿಯನ್ಸ್‌ನ ಲೇನ್ ಹಟ್ಸನ್‌ಗೆ. ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2022ರಲ್ಲಿ, 62ನೆಯವನಾಗಿ ಆಯ್ಕೆಯಾದ, 5 ಅಡಿ 9 ಅಂಗುಲದ ಡಿಫೆನ್ಸ್ ಆಟಗಾರ. 82 ಪಂದ್ಯ, 6 ಗೋಲು, 60 ಅಸಿಸ್ಟ್, ಒಟ್ಟು 66 ಪಾಯಿಂಟ್. ಡಿಫೆನ್ಸ್‌ನ ಹೊಸಬನೊಬ್ಬ ಒಂದೇ ಋತುವಿನಲ್ಲಿ 60 ಅಸಿಸ್ಟ್ ಮಾಡಿ ಲ್ಯಾರಿ ಮರ್ಫಿಯ ಹಳೆಯ ದಾಖಲೆಗೆ ಸಮನಾದ.

ಇಂಥ ಆಟಗಾರನನ್ನು ಸೆಪ್ಟೆಂಬರ್‌ನಲ್ಲೇ ಗುರುತಿಸಲು ಸಾಧ್ಯವೇ? ನೂರಕ್ಕೆ ನೂರು ಖಂಡಿತ ಆಗದು. ಆದರೆ ಅವನನ್ನು ಮೊದಲ ಐದು ಹೆಸರುಗಳ ಪಟ್ಟಿಗೆ ತರುವಷ್ಟು ಮಾಹಿತಿ ಬಿಟ್ಟಿಯಾಗಿಯೇ ಸಿಗುತ್ತದೆ, ಯಾವ ತಾಣದಲ್ಲಿ ಏನನ್ನು ನೋಡಬೇಕು ಎಂಬುದು ಗೊತ್ತಿದ್ದರೆ. ಹಾಗಾಗಿ ಇಲ್ಲಿ ಆರು ಸೇವೆಗಳನ್ನು ಒಂದೇ ಪ್ರಶ್ನೆಯಿಂದ ಅಳೆದಿದ್ದೇವೆ: ಈ ಹುಡುಗನಿಗೆ ಮಂಜಿನ ಮೇಲೆ ಎಷ್ಟು ನಿಮಿಷ ಸಿಗುತ್ತದೆ, ಅದರಲ್ಲೂ ಪವರ್‌ಪ್ಲೇಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ತಿಳಿಯಲು ಈ ತಾಣ ಎಷ್ಟು ನೆರವಾಗುತ್ತದೆ?

ಈ ಪ್ರಶ್ನೆಯೇ ಯಾಕೆ ಎಂದರೆ, ಐಸ್ ಹಾಕಿಯಲ್ಲಿ ಗೋಲಿ (ಗೋಲ್‌ಕೀಪರ್) ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತಾರೆ. ಫಾರ್ವರ್ಡ್‌ಗಳು ಮೂವರ ಗುಂಪಾಗಿ, ಅಂದರೆ ಲೈನ್ ಆಗಿ, ಸರದಿಯಂತೆ ಇಳಿಯುತ್ತಾರೆ. 60 ನಿಮಿಷದ ಪಂದ್ಯದಲ್ಲಿ ಮೊದಲ ಲೈನ್‌ನ ಫಾರ್ವರ್ಡ್‌ಗೆ 18ರಿಂದ 20 ನಿಮಿಷ ಸಿಕ್ಕರೆ ಮೂರನೇ ಲೈನ್‌ನವನಿಗೆ 13-14 ನಿಮಿಷವಷ್ಟೆ. ಎದುರಾಳಿಯೊಬ್ಬ ಎರಡು ನಿಮಿಷದ ಶಿಕ್ಷೆಗೆ ಹೊರಗೆ ಕೂತಾಗ ಐದು ಜನ ನಾಲ್ವರ ವಿರುದ್ಧ ಆಡುವ ಪವರ್‌ಪ್ಲೇಗೆ ಪ್ರತಿ ತಂಡದಲ್ಲೂ ಎರಡು ಘಟಕಗಳಿರುತ್ತವೆ. ಹೆಚ್ಚಿನ ಹೊತ್ತು ಆಡುವುದು ಮೊದಲ ಘಟಕ, ಉಳಿದ ಚೂರುಪಾರು ಸೆಕೆಂಡುಗಳು ಎರಡನೆಯದಕ್ಕೆ. ಎಷ್ಟೇ ಪ್ರತಿಭೆಯಿದ್ದರೂ ಎರಡನೇ ಘಟಕದಲ್ಲಿರುವ ಹೊಸಬನಿಂದ 60 ಪಾಯಿಂಟ್ ಬಯಸುವುದೆಂದರೆ ಎಂಟನೇ ಕ್ರಮಾಂಕದ ಬ್ಯಾಟರ್‌ನಿಂದ ಸರಣಿಯ ಅತಿ ಹೆಚ್ಚು ರನ್ ಬಯಸಿದ ಹಾಗೆ.

ಮೊದಲು ಅರ್ಹತೆ

ಯಾವ ತಾಣ ತೆರೆಯುವ ಮೊದಲೂ ಆಟಗಾರ ರೂಕಿ, ಅಂದರೆ ನಿಯಮದ ಪ್ರಕಾರ ಹೊಸಬ, ಹೌದೋ ಅಲ್ಲವೋ ನೋಡಿಕೊಳ್ಳಿ. ಹಿಂದಿನ ಯಾವುದೇ ಒಂದು ಋತುವಿನಲ್ಲಿ 25ಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು. ಹಿಂದಿನ ಯಾವುದೇ ಎರಡು ಋತುಗಳಲ್ಲಿ ತಲಾ 6 ಅಥವಾ ಹೆಚ್ಚು ಪಂದ್ಯ ಆಡಿರಬಾರದು. ಆ ಋತುವಿನ ಸೆಪ್ಟೆಂಬರ್ 15ಕ್ಕೆ 26 ವರ್ಷ ತುಂಬಿರಬಾರದು. ವಯಸ್ಸಿನ ನಿಯಮ ಬಂದದ್ದು 1990ರಲ್ಲಿ ಸೋವಿಯತ್ ತಂಡದ ಹಳೆಯ ಹುಲಿ ಸೆರ್ಗೇ ಮಕಾರೊವ್ 31ನೇ ವಯಸ್ಸಿನಲ್ಲಿ ಕಾಲ್ಡರ್ ಗೆದ್ದ ಮೇಲೆ.

ಈ ನಿಯಮಗಳ ಅಂಚಿನಲ್ಲೇ ಒಳ್ಳೆಯ ಹೆಸರುಗಳು ಅಡಗಿರುತ್ತವೆ. ಮೈಕೆಲ್ ಬಂಟಿಂಗ್ ಹುಟ್ಟಿದ್ದು ಸೆಪ್ಟೆಂಬರ್ 17ಕ್ಕೆ, ಅಂದರೆ ಗಡುವಿನಿಂದ ಎರಡೇ ದಿನ ಆಚೆಗೆ. ಅರಿಜೋನಾ ತಂಡಕ್ಕೆ 2018-19ರಲ್ಲಿ 5, 2020-21ರಲ್ಲಿ 21 ಪಂದ್ಯ ಆಡಿದ್ದ. ಮೂರೂ ಮಿತಿಗಳನ್ನು ಕೂದಲೆಳೆಯಲ್ಲಿ ದಾಟಿ 2021-22ರಲ್ಲಿ ಟೊರಾಂಟೊದಲ್ಲಿ ರೂಕಿಯಾದ. ಆಸ್ಟನ್ ಮ್ಯಾಥ್ಯೂಸ್, ಮಿಚ್ ಮಾರ್ನರ್ ಜೊತೆ ಒಂದೇ ಲೈನ್‌ನಲ್ಲಿ ಆಡುತ್ತಾ 63 ಪಾಯಿಂಟ್ ಗಳಿಸಿ ಕಾಲ್ಡರ್‌ನ ಅಂತಿಮ ಮೂವರಲ್ಲಿ ಒಬ್ಬನಾದ. ಮ್ಯಾಥ್ಯೂಸ್ ಆ ವರ್ಷ 60 ಗೋಲು ಹೊಡೆದಿದ್ದ. ಲೀಗ್ ಹಂತದ ನಂತರದ ನಾಕೌಟ್ ಸುತ್ತು, ಅಂದರೆ ಪ್ಲೇಆಫ್ ಪಂದ್ಯಗಳು ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಕೇಲ್ ಮಕಾರ್ 2019ರ ಪ್ಲೇಆಫ್‌ನಲ್ಲಿ 10 ಪಂದ್ಯ ಆಡಿದ ಮೇಲೂ ಮರುವರ್ಷ ರೂಕಿಯಾಗಿಯೇ ಉಳಿದು ಟ್ರೋಫಿ ಗೆದ್ದ. ರಷ್ಯಾದ ಕೆಎಚ್‌ಎಲ್‌ನಲ್ಲಿ ವರ್ಷಗಟ್ಟಲೆ ಆಡಿ ಬಂದವರೂ ರೂಕಿಗಳೇ. ಅರ್ಟೆಮಿ ಪನಾರಿನ್, ಕಿರಿಲ್ ಕಪ್ರಿಜೊವ್ ಇಬ್ಬರೂ ಗೆದ್ದದ್ದು ಹೀಗೆ.

ಈ ಮೂರು ನಿಯಮಗಳನ್ನು ಯಾವ ತಾಣವನ್ನೂ ನಂಬಿ ಬಿಡಬೇಡಿ. ಆಟಗಾರನ ಪುಟದಲ್ಲಿ ಹುಟ್ಟಿದ ದಿನಾಂಕವನ್ನೂ ಹಿಂದಿನ ಋತುಗಳ ಪಂದ್ಯಸಂಖ್ಯೆಯನ್ನೂ ನೀವೇ ಎಣಿಸಿ, ಒಂದು ನಿಮಿಷದ ಕೆಲಸ. ಹಿಂದಿನ ವಸಂತದಲ್ಲಿ ಕೊನೆಯ ಕೆಲವು ಪಂದ್ಯಗಳಿಗೆ ಬಂದುಹೋದವರು ಅನೇಕರ ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಇವಾನ್ ಡೆಮಿಡೊವ್ 2025ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ಗೆ 2 ಲೀಗ್ ಪಂದ್ಯ ಆಡಿದ್ದ, 2025-26ಕ್ಕೂ ರೂಕಿಯೇ.

ಎಲೀಟ್ ಪ್ರಾಸ್ಪೆಕ್ಟ್ಸ್: ಮೊದಲು ತೆರೆಯಬೇಕಾದ ಬಾಗಿಲು

ಸ್ವೀಡನ್‌ನಲ್ಲಿ ಹುಟ್ಟಿದ ಈ ತಾಣದ ದಾಖಲೆ ಸಂಗ್ರಹಕ್ಕೆ ಸಾಟಿಯಿಲ್ಲ. ಕೆನಡಾದ ಜೂನಿಯರ್ ಲೀಗ್‌ಗಳಿಂದ ಫಿನ್ಲೆಂಡ್, ಸ್ವಿಟ್ಜರ್ಲೆಂಡ್, ರಷ್ಯಾದ ಲೀಗ್‌ಗಳವರೆಗೆ ಆಟಗಾರನ ಪ್ರತಿ ಋತುವಿನ ಪಂದ್ಯ, ಗೋಲು, ಅಸಿಸ್ಟ್ ಎಲ್ಲವೂ ಒಂದೇ ಪುಟದಲ್ಲಿ ಸಾಲಾಗಿ ಸಿಗುತ್ತವೆ. ಎತ್ತರ, ತೂಕ, ಯಾವ ಕೈ ಹೊಡೆತ, ಯಾವ ತಂಡದ ಹಕ್ಕಿನಲ್ಲಿದ್ದಾನೆ ಎಂಬುದೂ ಇರುತ್ತದೆ. ಕೆಲವು ವಿವರ ಮತ್ತು ಡ್ರಾಫ್ಟ್ ವರದಿಗಳಿಗೆ ಚಂದಾ ಬೇಕು. ರೂಕಿಯ ಊಹೆಗೆ ಮಾತ್ರ ಬಿಟ್ಟಿ ಪುಟವೇ ಸಾಕು.

ಇಲ್ಲಿಂದ ಮಾಡಬೇಕಾದ ಕೆಲಸ ಒಂದು ಲೆಕ್ಕ. ಬೇರೆ ಲೀಗ್‌ನ ಅಂಕಗಳನ್ನು ಎನ್‌ಎಚ್‌ಎಲ್ ಮಟ್ಟಕ್ಕೆ ಇಳಿಸುವ ಈ ವಿಧಾನವನ್ನು ಹಾಕಿಯವರು ಎನ್‌ಎಚ್‌ಎಲ್-ಇ ಎನ್ನುತ್ತಾರೆ. ಆಟಗಾರನ ಪಾಯಿಂಟ್‌ಗಳನ್ನು ಪಂದ್ಯಗಳಿಂದ ಭಾಗಿಸಿ, 82ರಿಂದ (ಎನ್‌ಎಚ್‌ಎಲ್ ಋತುವಿನ ಪಂದ್ಯಸಂಖ್ಯೆ) ಗುಣಿಸಿ, ಆ ಲೀಗ್‌ನ ಗುಣಕದಿಂದ ಮತ್ತೆ ಗುಣಿಸಿ. ಗುಣಕ ಒಬ್ಬೊಬ್ಬ ಲೆಕ್ಕಿಗನದು ಒಂದೊಂದು. ಸ್ಥೂಲವಾಗಿ ಕೆಎಚ್‌ಎಲ್‌ಗೆ 0.8, ಸ್ವೀಡನ್‌ನ ಎಸ್‌ಎಚ್‌ಎಲ್‌ಗೆ 0.55, ಅಮೆರಿಕದ ಕಾಲೇಜು ಹಾಕಿಯ ಬಲಿಷ್ಠ ಗುಂಪುಗಳಿಗೆ 0.35, ಕೆನಡಾದ ಜೂನಿಯರ್‌ಗೆ 0.3 ಇಟ್ಟುಕೊಳ್ಳಬಹುದು.

ಕೆಎಚ್‌ಎಲ್‌ನಿಂದ ಬಂದವರ ಮೇಲೆ ಇದನ್ನು ಹಾಕಿ ನೋಡಿ. ಪನಾರಿನ್ 2014-15ರಲ್ಲಿ 54 ಪಂದ್ಯಕ್ಕೆ 62 ಪಾಯಿಂಟ್. ಲೆಕ್ಕ ಹೇಳುವುದು 75, ಶಿಕಾಗೊದಲ್ಲಿ ಗಳಿಸಿದ್ದು 80 ಪಂದ್ಯಕ್ಕೆ 77. ಕಪ್ರಿಜೊವ್ 2019-20ರಲ್ಲಿ 57 ಪಂದ್ಯಕ್ಕೆ 62. ಲೆಕ್ಕ 71, ಮಿನ್ನೆಸೋಟದಲ್ಲಿ 55 ಪಂದ್ಯಕ್ಕೆ 51, ಅಂದರೆ ಪೂರ್ತಿ ಋತುವಿಗೆ 76ರ ವೇಗ. ಮಿಚ್ಕೊವ್ ಸೋಚಿ ತಂಡಕ್ಕೆ 47 ಪಂದ್ಯಕ್ಕೆ 41; ಲೆಕ್ಕ 57, ಗಳಿಸಿದ್ದು 63. ವಯಸ್ಕರ ಲೀಗ್‌ನಲ್ಲಿ ದೊಡ್ಡ ಪಾತ್ರ ವಹಿಸಿ ಬಂದವರ ವಿಷಯದಲ್ಲಿ ಈ ಲೆಕ್ಕ ಇಷ್ಟು ಹತ್ತಿರ ಬರುತ್ತದೆ.

ಹದಿಹರೆಯದವರ ಲೆಕ್ಕ ಮಾತ್ರ ಕುಸಿಯುತ್ತದೆ. ಸೆಲೆಬ್ರಿನಿ ಬಾಸ್ಟನ್ ಯೂನಿವರ್ಸಿಟಿಯಲ್ಲಿ 38 ಪಂದ್ಯಕ್ಕೆ 64 ಪಾಯಿಂಟ್ ಗಳಿಸಿದ್ದ. ಲೆಕ್ಕದ ಪ್ರಕಾರ 48, ಆಡಿದ್ದು 74ರ ವೇಗದಲ್ಲಿ. ಕಾನರ್ ಮೆಕ್‌ಡೇವಿಡ್ ಜೂನಿಯರ್‌ನಲ್ಲಿ 47 ಪಂದ್ಯಕ್ಕೆ 120; ಲೆಕ್ಕ 63, ಎಡ್ಮಂಟನ್‌ನಲ್ಲಿ 45 ಪಂದ್ಯಕ್ಕೇ 48. ಕಾನರ್ ಬೆಡಾರ್ಡ್ 57 ಪಂದ್ಯಕ್ಕೆ 143. ಲೆಕ್ಕ 62, ದವಡೆ ಮುರಿದುಕೊಂಡು 14 ಪಂದ್ಯ ತಪ್ಪಿಸಿಕೊಂಡ ಮೇಲೂ 61. ಡಿಫೆನ್ಸ್‌ನವರಲ್ಲಿ ಅಂತರ ಇನ್ನೂ ದೊಡ್ಡದು. ಹಟ್ಸನ್ ಅದೇ ಬಾಸ್ಟನ್ ತಂಡದಲ್ಲಿ 38 ಪಂದ್ಯಕ್ಕೆ 49. ಲೆಕ್ಕ 37, ಗಳಿಸಿದ್ದು 66. ಸ್ವೀಡನ್‌ನ ರೋಗ್ಲೆಯಲ್ಲಿ 41 ಪಂದ್ಯಕ್ಕೆ 28 ಗಳಿಸಿದ್ದ ಮೊರಿಟ್ಜ್ ಸೈಡರ್‌ಗೆ ಲೆಕ್ಕ 31 ಎಂದಿತು, ಅವನು 50 ಗಳಿಸಿ 2022ರ ಕಾಲ್ಡರ್ ಗೆದ್ದ.

ಯಾಕೆ ಹೀಗೆ? ಗುಣಕ ಎಂಬುದು ಆ ಲೀಗ್‌ನಿಂದ ಮೇಲೆ ಬಂದ ಎಲ್ಲರ ಸರಾಸರಿ. ಜೂನಿಯರ್‌ನಿಂದ ಬಂದವರಲ್ಲಿ ಹೆಚ್ಚಿನವರು ಮೂರನೇ, ನಾಲ್ಕನೇ ಲೈನ್‌ನಲ್ಲಿ ಹತ್ತು-ಹನ್ನೆರಡು ನಿಮಿಷ ಆಡಿದವರು. ಮೊದಲ ಲೈನ್, ಮೊದಲ ಪವರ್‌ಪ್ಲೇ ಸಿಕ್ಕವರು ಆ ಸರಾಸರಿಯ ಮೇಲೆ ಜಿಗಿಯುತ್ತಾರೆ, ಸಿಗದವರು ಅದರ ಕೆಳಗೆ ಜಾರುತ್ತಾರೆ. ಜೊತೆಗೆ 17ನೇ ವಯಸ್ಸಿನ ಅಂಕ ಹಿಡಿದು 18ರ ಆಟವನ್ನು ಅಳೆಯುತ್ತಿದ್ದೇವೆ. ಆ ವಯಸ್ಸಲ್ಲಿ ಒಂದು ಬೇಸಿಗೆಯ ತಯಾರಿಯೂ ದೊಡ್ಡ ವ್ಯತ್ಯಾಸ ತರುತ್ತದೆ. ಆದ್ದರಿಂದ ಈ ಲೆಕ್ಕದಿಂದ ಬಂದ ಅಂಕಿಯನ್ನು ಭವಿಷ್ಯವೆಂದು ಓದಬೇಡಿ. ಯಾರಿಗೆ ನಿಮಿಷ ಸಿಕ್ಕರೆ ಲಾಭವಿದೆ ಎಂದು ತೋರಿಸುವ ಜರಡಿಯಾಗಿ ಬಳಸಿ: ಫಾರ್ವರ್ಡ್‌ಗೆ 45, ಡಿಫೆನ್ಸ್‌ಗೆ 30 ದಾಟಿದವರನ್ನು ಉಳಿಸಿಕೊಂಡು ಮುಂದಿನ ತಾಣಕ್ಕೆ ಹೋಗಿ.

ಪುಟ ಓದುವಾಗ ಎಡವುವ ಜಾಗ ಎರಡಿವೆ. ಒಂದೇ ಋತುವಿಗೆ ಎರಡು ಮೂರು ಸಾಲುಗಳಿದ್ದರೆ ಅವನ್ನು ಕೂಡಿಸಬಾರದು. ಡೆಮಿಡೊವ್ 2023-24ರಲ್ಲಿ 30 ಪಂದ್ಯಕ್ಕೆ 60 ಪಾಯಿಂಟ್ ಎಂದು ಕಣ್ಣು ಕುಕ್ಕುತ್ತದೆ, ಆದರೆ ಅದು ರಷ್ಯಾದ ಜೂನಿಯರ್ ಲೀಗ್ ಎಂಎಚ್‌ಎಲ್‌ನದು. ಮರುವರ್ಷ ಕೆಎಚ್‌ಎಲ್‌ನಲ್ಲಿ 65 ಪಂದ್ಯಕ್ಕೆ 49. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ಎರಡನೆಯದನ್ನು. ಇನ್ನೊಂದು, ವಿಶ್ವ ಜೂನಿಯರ್ ಟೂರ್ನಿಯ ಅಂಕಗಳು. ಕ್ರಿಸ್‌ಮಸ್ ಹೊತ್ತಿಗೆ ಎಲ್ಲರೂ ನೋಡುವ ಈ ಏಳು ಪಂದ್ಯಗಳಲ್ಲಿ ದುರ್ಬಲ ತಂಡದ ಮೇಲೆ ಒಂದೇ ದಿನ ನಾಲ್ಕೈದು ಪಾಯಿಂಟ್ ಬರುವುದುಂಟು. ಅಷ್ಟರಿಂದ ಹೆಸರನ್ನು ಪಟ್ಟಿಗೆ ಸೇರಿಸಲೂಬೇಡಿ, ತೆಗೆಯಲೂಬೇಡಿ.

ಪಕ್‌ಪೀಡಿಯಾ: ಒಪ್ಪಂದದ ಸಾಲಿನಲ್ಲಿ ಅಡಗಿದ ಸುಳಿವು

ಒಪ್ಪಂದಗಳ ವಿವರಕ್ಕೆ ಬಹುಕಾಲ ಎಲ್ಲರೂ ನೆಚ್ಚಿಕೊಂಡಿದ್ದ ಕ್ಯಾಪ್‌ಫ್ರೆಂಡ್ಲಿಯನ್ನು ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ ಕೊಂಡುಕೊಂಡು, 2024ರ ಜುಲೈನಲ್ಲಿ ಅದು ಮುಚ್ಚಿತು. ಆ ಜಾಗ ತುಂಬಿದ ತಾಣಗಳಲ್ಲಿ ಪಕ್‌ಪೀಡಿಯಾ ಅಚ್ಚುಕಟ್ಟಾಗಿದೆ. ತಂಡದ ಪುಟ ತೆರೆದರೆ ಪ್ರತಿ ಸ್ಥಾನಕ್ಕೂ ಯಾರಿದ್ದಾರೆ, ಯಾರ ಸಂಬಳ ಎಷ್ಟು, ಯಾರ ಒಪ್ಪಂದ ಯಾವಾಗ ಮುಗಿಯುತ್ತದೆ ಎಲ್ಲವೂ ಕಣ್ಣೆದುರು. ಹೊಸಬನ ಪುಟಕ್ಕಿಂತ ಮೊದಲು ಅವನ ಸ್ಥಾನದಲ್ಲಿ ಆಡುವ ಹಳಬನ ಸಾಲನ್ನು ಓದಿ. ಅಲ್ಲಿ ದೊಡ್ಡ ಸಂಬಳದ, ಇನ್ನೂ ನಾಲ್ಕು ವರ್ಷದ ಒಪ್ಪಂದವಿರುವ ಆಟಗಾರನಿದ್ದರೆ ಕೋಚ್ ಅವನನ್ನು ಸುಲಭವಾಗಿ ಕೆಳಗಿಳಿಸುವುದಿಲ್ಲ.

ಹೊಸಬನ ಒಪ್ಪಂದದಲ್ಲಿ ನೋಡಬೇಕಾದದ್ದು 18, 19 ವರ್ಷದವರಿಗಿರುವ ಹತ್ತು ಪಂದ್ಯದ ಗೆರೆ. ಅವರು ಋತುವಿನಲ್ಲಿ 10ಕ್ಕಿಂತ ಕಡಿಮೆ ಪಂದ್ಯ ಆಡಿದರೆ ಮೂರು ವರ್ಷದ ಒಪ್ಪಂದದಲ್ಲಿ ಆ ವರ್ಷ ಸವೆಯುವುದಿಲ್ಲ, ಮುಂದಕ್ಕೆ ಜಾರುತ್ತದೆ. ಹೀಗಾಗಿ ತಂಡಗಳು 9 ಪಂದ್ಯ ಆಡಿಸಿ ನೋಡಿ, ಸಂಶಯವಿದ್ದರೆ ಜೂನಿಯರ್‌ಗೆ ವಾಪಸ್ ಕಳಿಸುತ್ತವೆ. ಅಕ್ಟೋಬರ್ ಕೊನೆಯ ವಾರದಲ್ಲಿ ಎಷ್ಟೋ ಜನರ ಊಹೆ ಮಣ್ಣುಗೂಡುವುದು ಇಲ್ಲೇ. ಕೆನಡಾದ ಜೂನಿಯರ್‌ನಿಂದ ಬಂದ ಹುಡುಗನಿಗೆ ಅಪಾಯ ಹೆಚ್ಚು. 20 ತುಂಬದವರನ್ನು ಎರಡನೇ ಹಂತದ ಎಎಚ್‌ಎಲ್‌ಗೆ ಕಳಿಸಲು ಲೀಗ್‌ಗಳ ನಡುವಿನ ಒಪ್ಪಂದ ಬಿಡುತ್ತಿರಲಿಲ್ಲ; ಎನ್‌ಎಚ್‌ಎಲ್ ಇಲ್ಲವೇ ಜೂನಿಯರ್ ಎಂಬ ಎರಡೇ ದಾರಿ. ಕಾಲೇಜು ಅಥವಾ ಯುರೋಪಿನಿಂದ ಬಂದವನಿಗೆ ಈ ಕಟ್ಟಿಲ್ಲ. ಅವನನ್ನು ಎಎಚ್‌ಎಲ್‌ಗೆ ಕಳಿಸಿ ಡಿಸೆಂಬರ್‌ನಲ್ಲಿ ಕರೆಸಿಕೊಳ್ಳಬಹುದು. ಆದರೆ ಡಿಸೆಂಬರ್‌ನಲ್ಲಿ ಬಂದವನು ಕಾಲ್ಡರ್ ಗೆಲ್ಲುವುದು ತೀರಾ ಕಷ್ಟ.

ಡೈಲಿ ಫೇಸ್‌ಆಫ್: ಈ ಆರರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕಿದ್ದರೆ ಇದು

ತಂಡದ ಹೆಸರು ಒತ್ತಿದರೆ ನಾಲ್ಕು ಫಾರ್ವರ್ಡ್ ಲೈನ್, ಮೂರು ಡಿಫೆನ್ಸ್ ಜೋಡಿ, ಎರಡು ಪವರ್‌ಪ್ಲೇ ಘಟಕ, ಇಬ್ಬರು ಗೋಲಿಗಳು, ಗಾಯಾಳುಗಳು ಎಲ್ಲರೂ ಒಂದೇ ಪರದೆಯಲ್ಲಿ. ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಪುಟ ಇದೊಂದೇ. ಅಭ್ಯಾಸದಲ್ಲಿ ಯಾರು ಯಾರ ಜೊತೆ ನಿಂತರು ಎಂದು ವರದಿಗಾರರು ಬರೆದದ್ದನ್ನು ಆಧರಿಸಿ ಪುಟ ಬದಲಾಗುತ್ತಿರುತ್ತದೆ, ಆದ್ದರಿಂದ ಯಾವಾಗ ತಿದ್ದಿದ್ದು ಎಂಬ ಸಾಲನ್ನು ಮೊದಲು ನೋಡಿ. ಸೆಪ್ಟೆಂಬರ್ ಆರಂಭದಲ್ಲಿ ಕಾಣುವುದು ಹೆಚ್ಚಾಗಿ ಅಂದಾಜು.

ತರಬೇತಿ ಶಿಬಿರದ ಲೈನ್‌ಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಮೊದಲ ಒಂದೆರಡು ಪೂರ್ವಸಿದ್ಧತಾ ಪಂದ್ಯಗಳಲ್ಲಿ ಹಳಬರು ಮನೆಯಲ್ಲಿರುತ್ತಾರೆ, ಹೊಸಬರು ಮೊದಲ ಲೈನ್‌ನಲ್ಲಿ ಕಾಣುತ್ತಾರೆ. ಅದಕ್ಕೆ ಬೆಲೆ ಕೊಡಬೇಡಿ. ಕೊನೆಯ ಎರಡು ಪಂದ್ಯಗಳಲ್ಲಿ ಕೋಚ್ ಋತುವಿನ ನಿಜವಾದ ತಂಡವನ್ನು ಇಳಿಸುತ್ತಾನೆ. ಆಗ ಹೊಸಬ ಮೊದಲ ಎರಡು ಲೈನ್‌ಗಳಲ್ಲಿದ್ದಾನೆಯೇ, ಪವರ್‌ಪ್ಲೇಯ ಮೊದಲ ಘಟಕದಲ್ಲಿದ್ದಾನೆಯೇ ಎಂದು ಗುರುತು ಹಾಕಿಕೊಳ್ಳಿ. ಎರಡೂ ಇದ್ದರೆ ಅವನು ಪಟ್ಟಿಯ ಮೇಲ್ಭಾಗಕ್ಕೆ. ಲೈನ್ ಇದ್ದು ಪವರ್‌ಪ್ಲೇ ಇಲ್ಲದಿದ್ದರೆ ಮಧ್ಯಕ್ಕೆ. ಎರಡೂ ಇಲ್ಲದವನನ್ನು, ಡ್ರಾಫ್ಟ್‌ನಲ್ಲಿ ಎಷ್ಟೇ ಮುಂದೆ ಆಯ್ಕೆಯಾಗಿರಲಿ, ಕೆಳಗಿಡಿ.

ಸಹ ಆಟಗಾರರ ಹೆಸರುಗಳಿಗೂ ಕಣ್ಣು ಕೊಡಿ. ಪನಾರಿನ್ ಶಿಕಾಗೊದಲ್ಲಿ ಆಡಿದ್ದು ಪ್ಯಾಟ್ರಿಕ್ ಕೇನ್ ಜೊತೆ. ಕೇನ್ ಆ ವರ್ಷ 106 ಪಾಯಿಂಟ್ ಗಳಿಸಿ ಲೀಗ್‌ನ ಅತಿ ಮೌಲ್ಯಯುತ ಆಟಗಾರನಾದ.

ಹಟ್ಸನ್‌ನ ವಿಷಯದಲ್ಲಿ ಈ ಪುಟ ಸೆಪ್ಟೆಂಬರ್‌ನಲ್ಲಿ ಏನು ಹೇಳುತ್ತಿತ್ತು? ಮಾಂಟ್ರಿಯಲ್‌ನ ಪವರ್‌ಪ್ಲೇ ಹಿಂದಿನ ಋತುವಿನಲ್ಲಿ 62 ಪಾಯಿಂಟ್ ಗಳಿಸಿದ್ದ ಮೈಕ್ ಮ್ಯಾಥೆಸನ್‌ನ ಕೈಯಲ್ಲಿತ್ತು. ಅಂದರೆ ಕುರ್ಚಿ ಖಾಲಿಯಿರಲಿಲ್ಲ. ಆದರೆ ಪುನರ್ನಿರ್ಮಾಣದ ಹಾದಿಯಲ್ಲಿದ್ದ ತಂಡಕ್ಕೆ ಎಳೆಯರನ್ನು ಆಡಿಸಲು ಕಾರಣವಿತ್ತು. ಋತು ಮುಂದುವರಿದಂತೆ ಮೊದಲ ಘಟಕ ಅವನ ಪಾಲಾಯಿತು, ಸರಾಸರಿ ಆಟದ ಸಮಯ 22 ನಿಮಿಷ ದಾಟಿತು. ಎರಡನೇ ಘಟಕದಲ್ಲಿರುವ ಹೊಸಬನನ್ನು ನೋಡುವಾಗ ಮೊದಲನೆಯದರಲ್ಲಿ ಅದೇ ಕೆಲಸ ಮಾಡುವವನು ಯಾರು, ಅವನ ವಯಸ್ಸೆಷ್ಟು, ಅವನು ಗಾಯಗೊಂಡರೆ ಅಥವಾ ಬೇರೆ ತಂಡಕ್ಕೆ ಹೋದರೆ ಮುಂದಿನ ಸರದಿ ಯಾರದು ಎಂದು ಕೇಳಿಕೊಳ್ಳಿ.

ಎನ್‌ಎಚ್‌ಎಲ್‌ನ ಅಧಿಕೃತ ಅಂಕಿಅಂಶ ಪುಟ

ಲೀಗ್‌ನ ಸ್ವಂತ ತಾಣದ ಈ ವಿಭಾಗ ಬಿಟ್ಟಿ, ನಂಬಿಕಸ್ಥ, ಆದರೆ ಅದರ ಉಪಯೋಗ ಶುರುವಾಗುವುದು ಹತ್ತು ಪಂದ್ಯಗಳ ನಂತರ. ಸ್ಕೇಟರ್ಸ್ ವಿಭಾಗದಲ್ಲಿ ರೂಕಿಗಳನ್ನಷ್ಟೇ ತೋರಿಸುವ ಸೋಸಣಿಗೆ ಹಾಕಿ, ವರದಿಯನ್ನು ಮೊದಲು ಟೈಮ್ ಆನ್ ಐಸ್‌ಗೆ, ಆಮೇಲೆ ಪವರ್ ಪ್ಲೇಗೆ ಬದಲಿಸಿ. ಎರಡನೆಯದರಲ್ಲಿ ತಂಡದ ಒಟ್ಟು ಪವರ್‌ಪ್ಲೇ ಸಮಯದಲ್ಲಿ ಆಟಗಾರನ ಪಾಲು ಶೇಕಡಾವಾರು ಸಿಗುತ್ತದೆ. ಈ ಇಡೀ ವಿಮರ್ಶೆಯಲ್ಲಿ ಅತಿ ಹೆಚ್ಚು ಬೆಲೆಯುಳ್ಳ ಅಂಕಿ ಅದೇ. ನಮ್ಮ ಅಳತೆಯಲ್ಲಿ ಶೇ 55 ದಾಟಿದರೆ ಅವನು ಮೊದಲ ಘಟಕದವನು, 40ರ ಕೆಳಗಿದ್ದರೆ ಎರಡನೆಯದರವನು, ನಡುವೆ ಇದ್ದರೆ ಕೋಚ್ ಇನ್ನೂ ತೀರ್ಮಾನಿಸಿಲ್ಲ.

ಅದೇ ಪುಟದಲ್ಲಿ ಪಂದ್ಯಕ್ಕೆ ಎಷ್ಟು ಹೊಡೆತ ಎಂದೂ ನೋಡಿ. ಹತ್ತು ಪಂದ್ಯಕ್ಕೆ 6 ಗೋಲು ಹೊಡೆದವನ ಹೊಡೆತಗಳು ಬರೀ 18 ಇದ್ದರೆ ಮೂರಕ್ಕೊಂದು ಒಳಹೋಗಿದೆ ಎಂದರ್ಥ. ಎನ್‌ಎಚ್‌ಎಲ್‌ನಲ್ಲಿ ಯಾವ ಗೋಲುಗಾರನೂ ಋತುವಿಡೀ ಆ ಪ್ರಮಾಣ ಕಾಯ್ದುಕೊಳ್ಳುವುದಿಲ್ಲ, ನವೆಂಬರ್‌ನಲ್ಲಿ ಬರಗಾಲ ಬಂದೇ ಬರುತ್ತದೆ. ಹತ್ತು ಪಂದ್ಯಕ್ಕೆ 2 ಗೋಲು ಹೊಡೆದು 32 ಹೊಡೆತ ತೆಗೆದವನೇ ಮೇಲು. ಜನ ಮೊದಲನೆಯವನ ಹೆಸರು ಕೂಗುತ್ತಿರುವಾಗ ಎರಡನೆಯವನನ್ನು ಹಿಡಿಯಬೇಕು.

ಪುಟದ ಕೊರತೆಯೆಂದರೆ ಕಾಲಂಗಳ ರಾಶಿ. ಮೊಬೈಲಿನಲ್ಲಿ ಅಡ್ಡಡ್ಡ ಸರಿಸುತ್ತಾ ಹೋಗಬೇಕು, ಹೆಸರಿಗೂ ಅಂಕಿಗೂ ತಾಳೆ ತಪ್ಪುತ್ತದೆ. ಲ್ಯಾಪ್‌ಟಾಪ್‌ನಲ್ಲೇ ತೆರೆಯುವುದು ಒಳ್ಳೆಯದು.

ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ಮತ್ತು ಎಡ್ಜ್

ನ್ಯಾಚುರಲ್ ಸ್ಟ್ಯಾಟ್ ಟ್ರಿಕ್‌ನ ರೂಪ ಸಾದಾ, ಒಳಗಿನ ಸರಕು ಗಟ್ಟಿ. ಯಾರು ಯಾರ ಜೊತೆ ಎಷ್ಟು ನಿಮಿಷ ಆಡಿದರು, ಆ ಹೊತ್ತಿನಲ್ಲಿ ಎರಡೂ ಕಡೆ ಎಷ್ಟು ಹೊಡೆತದ ಪ್ರಯತ್ನಗಳಾದವು, ಎಂಥ ಜಾಗದಿಂದ ಹೊಡೆದದ್ದು ಎಂಬುದನ್ನೆಲ್ಲ ಬಿಡಿಸಿಡುತ್ತದೆ. ರೂಕಿಯ ಊಹೆಗೆ ಇದರಲ್ಲಿ ಎರಡು ಕೆಲಸ ಸಾಕು. ಒಂದು, ಆಟಗಾರನ ನಿರೀಕ್ಷಿತ ಗೋಲುಗಳನ್ನು (ಅವನು ಹೊಡೆದ ಜಾಗಗಳಿಂದ ಸಾಮಾನ್ಯವಾಗಿ ಬರಬೇಕಿದ್ದ ಗೋಲುಗಳ ಅಂದಾಜು) ನಿಜವಾದ ಗೋಲುಗಳ ಪಕ್ಕ ಇಟ್ಟು ನೋಡುವುದು. ಎರಡು, ತಾರೆಯ ಜೊತೆಗಿದ್ದಾಗಿನ ಅಂಕಿಯನ್ನು ಇಲ್ಲದಾಗಿನದರ ಪಕ್ಕ ಇಡುವುದು. ಎರಡರಲ್ಲೂ ಕುಸಿತ ಸಣ್ಣದಾಗಿದ್ದರೆ ಹುಡುಗ ಸ್ವಂತ ಕಾಲಿನ ಮೇಲೆ ನಿಂತಿದ್ದಾನೆ. ಕೋಚ್ ಲೈನ್ ಬದಲಿಸಿದರೂ ಚಿಂತೆಯಿಲ್ಲ. ಎರಡೂ ಕಡೆ ಸಮನಾದ ಆಟಗಾರರಿರುವ ಆಟ, ಪವರ್‌ಪ್ಲೇ ಇವೆರಡನ್ನೂ ಬೇರೆಬೇರೆಯಾಗಿ ಆಯ್ದುಕೊಳ್ಳಲು ಮರೆಯಬೇಡಿ, ಒಟ್ಟಿಗೆ ನೋಡಿದರೆ ಎಲ್ಲ ಕಲಸುಮೇಲೋಗರ.

ಎಡ್ಜ್ ಎಂಬುದು ಲೀಗ್ 2023ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದ, ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಮತ್ತು ಆಟಗಾರರ ಜಾಡು ಹಿಡಿಯುವ ಪುಟ. ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ದಾಟಿದ ಓಟಗಳೆಷ್ಟು, ಅತಿ ವೇಗದ ಹೊಡೆತ ಯಾವುದು, ಎದುರಾಳಿಯ ವಲಯದಲ್ಲಿ ಎಷ್ಟು ಹೊತ್ತು ಕಳೆದ ಎಂಬುದೆಲ್ಲ ಚೆಂದದ ಚಿತ್ರಗಳಲ್ಲಿ ಸಿಗುತ್ತದೆ. ನೋಡಲು ಖುಷಿ. ಊಹೆಗೆ ಉಪಯೋಗ ಕಡಿಮೆ. ಎನ್‌ಎಚ್‌ಎಲ್ ಪಂದ್ಯ ಆಡುವ ಮೊದಲು ಹೊಸಬನ ಬಗ್ಗೆ ಇಲ್ಲಿ ಏನೂ ಇರುವುದಿಲ್ಲ, ಮತ್ತು ವೇಗಕ್ಕೂ ಪಾಯಿಂಟಿಗೂ ನೇರ ನಂಟಿಲ್ಲ. ಗಾಯದಿಂದ ಮರಳಿದವನ ವೇಗದ ಓಟಗಳು ಮೊದಲಿನಷ್ಟೇ ಇವೆಯೇ ಎಂದು ನೋಡಲು ಮಾತ್ರ ಇದಕ್ಕಿಂತ ಒಳ್ಳೆಯ ಬಿಟ್ಟಿ ಸಾಧನ ಇಲ್ಲ.

ಗೋಲಿಗಳ ವಿಷಯದಲ್ಲಿ ಎಲ್ಲವೂ ಸೋಲುತ್ತವೆ

2008-09ರಲ್ಲಿ ಕೊಲಂಬಸ್‌ನ ಸ್ಟೀವ್ ಮೇಸನ್ 33 ಗೆಲುವು, 10 ಶಟೌಟ್‌ಗಳೊಂದಿಗೆ (ಒಂದೂ ಗೋಲು ಬಿಡದ ಪಂದ್ಯಗಳು) ಕಾಲ್ಡರ್ ಗೆದ್ದ ಮೇಲೆ 2024-25ರವರೆಗೆ ಯಾವ ಗೋಲಿಯೂ ಗೆದ್ದಿಲ್ಲ. ಹಾಗೆಂದು ಕೈಬಿಡುವಂತಿಲ್ಲ. ಹಟ್ಸನ್ ಗೆದ್ದ ವರ್ಷ ಎರಡನೇ ಸ್ಥಾನ ಪಡೆದದ್ದು ಕ್ಯಾಲ್ಗರಿಯ ಗೋಲಿ ಡಸ್ಟಿನ್ ವುಲ್ಫ್, ಸೆಲೆಬ್ರಿನಿಗೆ ಮೂರನೇ ಸ್ಥಾನ. 2019ರ ಡ್ರಾಫ್ಟ್‌ನ 217 ಆಯ್ಕೆಗಳಲ್ಲಿ 214ನೆಯವನಾಗಿದ್ದ ವುಲ್ಫ್ ಎಎಚ್‌ಎಲ್‌ನಲ್ಲಿ 2022-23ರ ಅತಿ ಮೌಲ್ಯಯುತ ಆಟಗಾರನಾಗಿದ್ದ. ಆದರೂ ಅವನ ಅದೃಷ್ಟ ತೆರೆದದ್ದು 2024ರ ಜೂನ್‌ನಲ್ಲಿ ಕ್ಯಾಲ್ಗರಿ ತನ್ನ ಮೊದಲ ಗೋಲಿ ಯಾಕೊಬ್ ಮಾರ್ಕ್‌ಸ್ಟ್ರೋಮ್‌ನನ್ನು ನ್ಯೂಜೆರ್ಸಿಗೆ ಕಳಿಸಿದಾಗ. ಆ ಒಂದು ಸುದ್ದಿಯಿಂದ ಐವತ್ತು ಪಂದ್ಯಗಳ ಜಾಗ ಖಾಲಿಯಾಯಿತು. ಗೋಲಿಗಳಿಗೆ ನಂಬುವಂಥ ಗುಣಕವಿಲ್ಲ. ಎಎಚ್‌ಎಲ್‌ನಲ್ಲಿ ಸತತ ಎರಡು ಋತು ಲೀಗ್‌ನ ಮುಂಚೂಣಿಯಲ್ಲಿದ್ದವನ ಮೇಲಿರುವ ಹಳಬ ಬೇಸಿಗೆಯಲ್ಲಿ ಹೊರಟನೇ ಎಂದು ಪಕ್‌ಪೀಡಿಯಾದಲ್ಲೂ, ಅಕ್ಟೋಬರ್‌ನಲ್ಲಿ ವಾರಕ್ಕೆ ಎಷ್ಟು ಪಂದ್ಯ ಅವನೇ ಶುರು ಮಾಡುತ್ತಿದ್ದಾನೆ ಎಂದು ಡೈಲಿ ಫೇಸ್‌ಆಫ್‌ನ ಗೋಲಿ ಪುಟದಲ್ಲೂ ನೋಡಿ. ಮೂರರಲ್ಲಿ ಎರಡು ಅವನಿಗೆ ಸಿಗುತ್ತಿದ್ದರೆ ಪಟ್ಟಿಗೆ ಸೇರಿಸಿ.

ಮತ ಹಾಕುವವರು ಯಾರು

ವಿಜೇತನನ್ನು ಆರಿಸುವುದು ವೃತ್ತಿಪರ ಹಾಕಿ ಬರಹಗಾರರ ಸಂಘ. ಪ್ರತಿಯೊಬ್ಬರೂ ಐದು ಹೆಸರು ಬರೆಯುತ್ತಾರೆ. ಕ್ರಮವಾಗಿ 10, 7, 5, 3, 1 ಅಂಕ. ಮತದಾನ ಪ್ಲೇಆಫ್ ಶುರುವಾಗುವ ಮೊದಲೇ ಮುಗಿಯುತ್ತದೆ. ಅವರು ನೋಡುವುದು ಇಡೀ ಋತುವಿನ ಮೊತ್ತವನ್ನು, ಹಾಗಾಗಿ ತಪ್ಪಿಹೋದ ಪಂದ್ಯಗಳಿಗೆ ಬೆಲೆ ತೆರಬೇಕು. ಮೆಕ್‌ಡೇವಿಡ್ ಪಂದ್ಯಕ್ಕೊಂದು ಪಾಯಿಂಟ್‌ಗೂ ಮೀರಿ ಆಡಿದರೂ ಕಾಲರ್ ಮೂಳೆ ಮುರಿದು 45 ಪಂದ್ಯಕ್ಕೇ ನಿಂತದ್ದರಿಂದ ಮೂರನೆಯವನಾದ. ಬೆಡಾರ್ಡ್ 14 ಪಂದ್ಯ ತಪ್ಪಿಸಿಯೂ ಗೆದ್ದನೆಂದರೆ ಆ ವರ್ಷದ ಎದುರಾಳಿಗಳು ಅಂಕದಲ್ಲಿ ಬಹಳ ಹಿಂದಿದ್ದರು. ನಿಮ್ಮ ಪಟ್ಟಿಯಲ್ಲಿ ಇಬ್ಬರು ಸಮನಾಗಿದ್ದರೆ ಹಿಂದಿನ ಎರಡು ಋತುಗಳಲ್ಲಿ ಹೆಚ್ಚು ಪಂದ್ಯ ಆಡಿದವನನ್ನು ಮೇಲಿಡಿ.

ಭಾರತದಲ್ಲಿ ಕೂತು ನೋಡುವವರಿಗೆ ಒಂದು ಅನುಕೂಲವಿದೆ. ಟೊರಾಂಟೊ, ಮಾಂಟ್ರಿಯಲ್‌ನ ಸಂಜೆ 7ರ ಪಂದ್ಯ ನಮಗೆ ನವೆಂಬರ್ ಆರಂಭದವರೆಗೆ ಬೆಳಗಿನ 4:30ಕ್ಕೆ, ಆಮೇಲೆ 5:30ಕ್ಕೆ ಶುರು. ಬೆಳಗಿನ ಕಾಫಿಯ ಹೊತ್ತಿಗೆ ಪೂರ್ವ ಕರಾವಳಿಯ ಪಂದ್ಯಗಳು ಮುಗಿಯುತ್ತ ಬಂದಿರುತ್ತವೆ. ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರು ಕಚೇರಿಯ ಹಾಕಿ ಪೂಲ್‌ಗೆ (ಆಟಗಾರರನ್ನು ಊಹಿಸಿ ಆರಿಸುವ ಗೆಳೆಯರ ಸ್ಪರ್ಧೆ) ಸೇರುವಂತಿದ್ದರೆ ಹೊಸಬರ ಆಯ್ಕೆಯನ್ನು ಶಿಬಿರದ ಕೊನೆಯ ವಾರಕ್ಕೆ ಮುಂದೂಡಿ. ಆಗಸ್ಟ್‌ನಲ್ಲೇ ಆರಿಸಿದರೆ ಡ್ರಾಫ್ಟ್ ಕ್ರಮಾಂಕ ಬಿಟ್ಟು ಕೈಯಲ್ಲಿ ಬೇರೇನೂ ಇರುವುದಿಲ್ಲ.

2026-27ರಿಂದ ಹೊಸ ಕಾರ್ಮಿಕ ಒಪ್ಪಂದ ಜಾರಿಗೆ ಬರುವುದರಿಂದ ಮೇಲಿನ ಲೆಕ್ಕದಲ್ಲಿ ಮೂರು ಬದಲಾವಣೆ ಮಾಡಿಕೊಳ್ಳಬೇಕು. ಋತು 84 ಪಂದ್ಯಗಳದ್ದಾಗುವುದರಿಂದ 82ರ ಜಾಗದಲ್ಲಿ 84ರಿಂದ ಗುಣಿಸಿ. ಕೆನಡಾ ಜೂನಿಯರ್‌ನ 19 ವರ್ಷದ ಒಬ್ಬ ಆಟಗಾರನನ್ನು ಪ್ರತಿ ತಂಡವೂ ಎಎಚ್‌ಎಲ್‌ಗೆ ಕಳಿಸಬಹುದಾದ್ದರಿಂದ ಆ ವಯಸ್ಸಿನವರ ಜಾಗ ಮೊದಲಿನಷ್ಟು ಭದ್ರವಲ್ಲ. ಪೂರ್ವಸಿದ್ಧತಾ ಪಂದ್ಯಗಳು ನಾಲ್ಕಕ್ಕೆ ಇಳಿಯುವುದರಿಂದ ಶಿಬಿರದ ಲೈನ್‌ಗಳನ್ನು ಪರೀಕ್ಷಿಸುವ ಅವಕಾಶವೂ ಕಿರಿದಾಗುತ್ತದೆ. ಡೈಲಿ ಫೇಸ್‌ಆಫ್‌ನಲ್ಲಿ ಗುರುತು ಹಾಕಿಕೊಂಡ ಹೆಸರುಗಳನ್ನು ಋತುವಿನ ಮೊದಲ ಐದಾರು ಪಂದ್ಯಗಳ ಪವರ್‌ಪ್ಲೇ ಪಾಲಿನ ಜೊತೆ ತಾಳೆ ನೋಡಿಯೇ ಪಟ್ಟಿಯನ್ನು ಅಂತಿಮಗೊಳಿಸಿ.